ಸುಳ್ಳು ವಿಮಾನದ ನಿಜವಾದ ಕಾಯಿಲೆ

ನಾನು ಒಂದು ವಿಮಾನ. ಅಂದರೆ ವಿಮಾನದ ಮೂತಿ ಮಾತ್ರ. ರೆಕ್ಕೆಯಿಲ್ಲ, ಬಾಲವಿಲ್ಲ. ಎರಡು ಎಂಜಿನ್ನಿನ ಹಳೆಯ ವಿಮಾನವೊಂದರ ಮುಂಭಾಗವನ್ನು ಕೊಯ್ದು, ಕಬ್ಬಿಣದ ಕಾಲುಗಳ ಮೇಲೆ ಕೂರಿಸಿ, ಒಳಗೆ ಕಂಪ್ಯೂಟರ್ ತುಂಬಿ, ಹುಬ್ಬಳ್ಳಿಯ ತರಬೇತಿ ಶಾಲೆಯೊಂದಕ್ಕೆ ಲಾರಿಯಲ್ಲಿ ತಂದರು. ಸಿಮ್ಯುಲೇಟರ್ ಎಂದು ಹೆಸರಿಟ್ಟರು. ಆಕಾಶ ತಪ್ಪಿತೆಂದು ನಾನೇನೂ ಅಳಲಿಲ್ಲ. ಇಲ್ಲಿ ಸಿಕ್ಕ ಕೆಲಸ ಬಲು ಮಜವಾಗಿತ್ತು.

ನನ್ನ ಕೆಲಸ ಸುಳ್ಳು ಹೇಳುವುದು. ವಿಮಾನ ರಿಪೇರಿ ಕಲಿಯುವವರು ನನ್ನೊಳಗೆ ಕೂರುತ್ತಾರೆ. ಹೊರಗೆ ಹಬ್ಬು ಮೇಷ್ಟ್ರು ಕಂಪ್ಯೂಟರಿನ ಗುಂಡಿ ಒತ್ತಿ, ಎಡಗಡೆಯ ಜನರೇಟರ್ ಕೆಟ್ಟಿದೆ ಎಂದು ನನಗೆ ಹೇಳಿಕೊಡುತ್ತಾರೆ. ನಾನು ಕೆಂಪು ದೀಪ ಹೊತ್ತಿಸಿಕೊಂಡು ನರಳುತ್ತೇನೆ. ರೋಗ ಯಾವುದೆಂದು ಹುಡುಕುವುದು ಕಲಿಯುವವರ ಪಾಡು.

ಹೀಗೆ ಹತ್ತು ವರ್ಷ ಸುಳ್ಳು ಹೇಳಿ ಸುಖವಾಗಿದ್ದ ನನಗೆ ನಿಜವಾದ ಕಾಯಿಲೆಯೊಂದು ಅಂಟಿಕೊಂಡಿತು. ಒಂದು ಜನರೇಟರ್ ಕೆಟ್ಟಾಗ ನಡುವಿನ ಸ್ವಿಚ್ ಹಾಕಬೇಕು. ಆಗ ಬಲಗಡೆಯ ಕರೆಂಟು ಎಡಕ್ಕೂ ಹರಿದು ದೀಪಗಳೆಲ್ಲ ಹತ್ತಬೇಕು. ನನ್ನ ಆ ಸ್ವಿಚ್ ಒಂದೇ ಸಲಕ್ಕೆ ಹಿಡಿಯದಾಯಿತು. ಹಿರಿಯರು ಕಿರಿಯರಿಗೆ ಗುಟ್ಟು ಹೇಳಿಕೊಟ್ಟರು. "ಜೋರಾಗಿ ಒಂದು ಗುದ್ದು ಹಾಕ್ರಿ, ಹತ್ತತೈತಿ." ಎಲ್ಲರೂ ಗುದ್ದಿ ಪಾಸಾದರು.

ನೀಲಾಂಬಿಕಾ ಮಾತ್ರ ಗುದ್ದಲಿಲ್ಲ. ಅಣ್ಣಿಗೇರಿಯ ಹುಡುಗಿ. ಅವಳ ತಾಯಿ ಕೆಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟವಳು. ದೀಪ ಹತ್ತದಿದ್ದರೆ ಯಾಕೆ ಹತ್ತಲಿಲ್ಲ ಎಂದು ಹುಡುಕುತ್ತ ಕೂರುವುದು ಇವಳ ಜಾಯಮಾನ. ಹುಡುಕುವಷ್ಟರಲ್ಲಿ ವೇಳೆ ಮುಗಿದು ಎರಡು ಸಲ ಫೇಲಾದಳು. ಮೂರನೆಯ ಸಲವೇ ಕೊನೆಯದು. ಅದೂ ಹೋದರೆ ಲೈಸೆನ್ಸಿಗೆ ಎಳ್ಳುನೀರು. ತಪ್ಪು ನನ್ನದು, ಶಿಕ್ಷೆ ಅವಳಿಗೆ. ನನಗೆ ತುಂಬ ಸಂಕಟವಾಗುತ್ತಿತ್ತು.

ಪರೀಕ್ಷೆಯ ದಿನ ಬೆಂಗಳೂರಿನಿಂದ ಪೊನ್ನಪ್ಪ ಎಂಬ ಪರೀಕ್ಷಕರು ಬಂದರು. ಬಾಗಿಲಲ್ಲಿ ಹಬ್ಬು ಮೇಷ್ಟ್ರು ಮೆಲ್ಲಗೆ ಅಂದರು: "ನೀಲಾ, ಈ ಸಲಾನರ ಒಂದು ಗುದ್ದು ಹಾಕವಾ. ಹಟ ಬ್ಯಾಡ."

"ಮ್ಯಾಲೆ ಹಾರೂ ವಿಮಾನಕ್ಕೂ ಗುದ್ದೂದ ಏನ್ರೀ ಸರ್?"

ಮೇಷ್ಟ್ರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಅರ್ಧ ಗಂಟೆಯ ಪರೀಕ್ಷೆ. ಜನರೇಟರ್ ಕೆಟ್ಟದ್ದನ್ನು ಐದೇ ನಿಮಿಷದಲ್ಲಿ ಹಿಡಿದಳು. ನಡುವಿನ ಸ್ವಿಚ್ ಹಾಕಿದಳು. ಎಡಗಡೆ ಕತ್ತಲೆ. ತಂತಿಗಳನ್ನು ಒಂದೊಂದಾಗಿ ತಡಕಿದಳು, ಪುಸ್ತಕದ ನಕ್ಷೆಗೆ ಹೋಲಿಸಿದಳು. ಕೊನೆಗೆ ತಲೆಯೆತ್ತಿ ಹೇಳಿದಳು: "ಸರ್, ಇಲ್ಲಿ ಎರಡು ದೋಷ ಅದಾವ್ರಿ."

"ನಾನು ಹಾಕಿರೋದು ಒಂದೇ ಕಣಮ್ಮ," ಎಂದರು ಪೊನ್ನಪ್ಪ. "ಟೈಮ್ ನೋಡ್ಕೊಳ್ಳಿ."

"ಇನ್ನೊಂದು ನೀವು ಹಾಕಿದ್ದಲ್ರಿ, ತಾನ ಬಂದದ್ದು. ಸ್ವಿಚ್ಚಿನ ಹಿಂದ ಮೀಟರ್ ಇಡಾಕ ಬಿಡ್ರಿ. ತಪ್ಪಾದ್ರ ಫೇಲ್ ಮಾಡ್ರಿ."

"ಇನ್ನು ಹನ್ನೆರಡು ನಿಮಿಷ ಇದೆ. ನಿಮ್ಮಿಷ್ಟ."

ಅವಳು ಬ್ಯಾಟರಿಯನ್ನೂ ಜನರೇಟರನ್ನೂ ಬಂದ್ ಮಾಡಿ ನಾಲ್ಕು ಸ್ಕ್ರೂ ಬಿಚ್ಚಿದಳು, ಮತ್ತೆ ಚಾಲೂ ಮಾಡಿ ಮೀಟರ್ ಇಟ್ಟಳು. ಸ್ವಿಚ್ಚಿನ ಈ ಕಡೆ ಇಪ್ಪತ್ತೆಂಟು ವೋಲ್ಟ್, ಆ ಕಡೆ ಸೊನ್ನೆ. ಪೊನ್ನಪ್ಪ ಕುರ್ಚಿ ಬಿಟ್ಟೆದ್ದು ಬಂದು ಇಣುಕಿದರು. ಅವಳು ಕರೆಂಟು ತೆಗೆದು ಸ್ವಿಚ್ ಬಿಡಿಸಿದಾಗ ಒಳಗೆ ಕೆಂಪಗೆ ಜಿಗುಟು ಮೆತ್ತಿಕೊಂಡಿತ್ತು. ಕುಂಕುಮ! ಪ್ರತಿ ವರ್ಷ ಆಯುಧಪೂಜೆಗೆ ಹಬ್ಬು ಮೇಷ್ಟ್ರು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ನನ್ನ ಹಣೆಯೆಂದು ಬಗೆದು ಸರಿಯಾಗಿ ಆ ಸ್ವಿಚ್ಚಿಗೇ ಇಡುತ್ತಿದ್ದರು. ಭಕ್ತಿ ಇಳಿದಿಳಿದು ಒಳಗೆ ಗಟ್ಟಿಯಾಗಿತ್ತು.

ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಜೋಡಿಸಿ, ಬೆರಳ ತುದಿಯಲ್ಲಿ ಒಮ್ಮೆ ಸ್ವಿಚ್ ಹಾಕಿದಳು. ನನ್ನ ದೀಪಗಳೆಲ್ಲ ಝಗ್ಗನೆ ಹತ್ತಿದವು. ಎರಡು ನಿಮಿಷ ಇನ್ನೂ ಉಳಿದಿತ್ತು! ನನಗೆ ರೆಕ್ಕೆಯಿದ್ದಿದ್ದರೆ ಅಂದೇ ಛಾವಣಿ ಹಾರಿಹೋಗುತ್ತಿತ್ತು.

"ಹಬ್ಬು ಅವರೇ, ಪೂಜೆ ಸ್ವಲ್ಪ ಜಾಸ್ತಿ ಆಯ್ತು," ಎಂದು ಪೊನ್ನಪ್ಪ ನಕ್ಕು ಸಹಿ ಹಾಕಿದರು. ಮೇಷ್ಟ್ರ ಮುಖ ಕುಂಕುಮಕ್ಕಿಂತ ಕೆಂಪಾಗಿತ್ತು. ಆದರೂ ಹೊರಗೆ ನಿಂತವರಿಗೆಲ್ಲ ಕೇಳುವಂತೆ ಕೂಗಿ ಹೇಳಿದರು: "ಉಳಿದಾವ್ರು ಗುದ್ದಿ ಪಾಸಾದ್ರಿ. ಈಕಿ ಒಬ್ಬಾಕಿ ರಿಪೇರಿ ಮಾಡಿ ಪಾಸಾದ್ಲು!" ನೀಲಾಂಬಿಕಾ ಅಲ್ಲೇ ನನ್ನ ಸೀಟಿನಲ್ಲಿ ಕುಳಿತು ಅತ್ತಳು, ನಕ್ಕಳು.

ಈಗ ಶಾಲೆಗೆ ಹೊಸ ಯಂತ್ರ ಬಂದಿದೆ. ನಾನು ಶೆಡ್ಡಿನ ಮೂಲೆಯಲ್ಲಿ ತಾಡಪತ್ರಿ ಹೊದ್ದು ಕೂತಿದ್ದೇನೆ. ಮೊನ್ನೆ ಪಕ್ಕದ ನಿಲ್ದಾಣದಿಂದ ವಿಮಾನವೊಂದು ಎದ್ದಾಗ ನನ್ನ ಗಾಜು ಅದುರಿತು. ಹಬ್ಬು ಮೇಷ್ಟ್ರು ಅಂಗಳಕ್ಕೆ ಓಡಿ ಬಂದು ಹಣೆಗೆ ಕೈಯಡ್ಡ ಹಿಡಿದು ನೋಡಿದರು. "ಅದನ್ನ ತಪಾಸಣಿ ಮಾಡಿ ಸಹಿ ಹಾಕಿದಾಕಿ ನಮ್ಮ ನೀಲಾ," ಎಂದು ಯಾರೂ ಕೇಳದಿದ್ದರೂ ಹೇಳಿದರು.

ಎಪ್ಪತ್ತು ಜನರನ್ನು ಹೊತ್ತು ಅದು ಮೋಡ ದಾಟಿತು. ನಾನು ಹಾರಲಿಲ್ಲ, ನಿಜ. ಆದರೆ ಅದನ್ನು ಹಾರಲು ಕಳಿಸಿದವಳು ಕಲಿತದ್ದು ನನ್ನ ಕಾಯಿಲೆಯಿಂದ ಎಂದು ತಾಡಪತ್ರಿಯೊಳಗೇ ಬೀಗಿದೆ.