ವಾಸನೆಯಿಲ್ಲದ ಕಾಳು

ಶಿವಕಾಂತಮ್ಮ ಗಾಜಿನ ತೊಟ್ಟಿಯಿಂದ ನಾಲ್ಕು ಚರಿಗೆ ಹೊಲಸು ನೀರು ತೆಗೆದು ಬಕೆಟಿಗೆ ಸುರಿದಿದ್ದಳು. ಮೂರು ದಿನದ ಹಿಂದಷ್ಟೇ ಬದಲಿಸಿದ ನೀರು, ಆಗಲೇ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು. ಐದನೆಯ ಚರಿಗೆ ಮುಳುಗಿಸುವಾಗ ಕೈಗೆ ಮೆತ್ತಗೆ ಏನೋ ತಾಕಿತು. ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮೀನು. ಹೊಟ್ಟೆ ಉಬ್ಬಿ, ಹುರುಪೆಗಳು ಎದ್ದು ನಿಂತಿದ್ದವು. ಬದುಕಿದ್ದಾಗ ಬಂಗಾರದ ಬಣ್ಣವಿದ್ದದ್ದು ಈಗ ಸುಣ್ಣದ ಹಾಗಿತ್ತು.

ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಗಂಡ ಸಿದ್ಧಲಿಂಗ ತಲೆ ಎತ್ತದೆ ಕೇಳಿದ, "ಇನ್ನೊಂದು ಹೋಯ್ತೇನು?"

"ಹೋಯ್ತು."

"ಎಷ್ಟು ಉಳಿದ್ವು?"

"ಒಂದು."

ಆಕೆ ಅದನ್ನು ಹಿತ್ತಲಿನ ನುಗ್ಗೆಗಿಡದ ಬುಡದಲ್ಲಿ ಹೂಳಿದಳು. ಮೊದಲು ಸತ್ತ ನಾಲ್ಕೂ ಅಲ್ಲೇ ಮಣ್ಣಾಗಿದ್ದವು. ಲಿಂಗವಂತರಾದ ತಮ್ಮ ಮನೆಯಲ್ಲೂ, ಮೀನು ಕೊಟ್ಟು ಹೋದ ಜೈತುನ್ಬೀಯ ಮನೆಯಲ್ಲೂ ಸತ್ತವರನ್ನು ಮಣ್ಣಿಗೇ ಕೊಡುವುದು. ಆ ಲೆಕ್ಕದಲ್ಲಿ ತಪ್ಪೇನೂ ಮಾಡಲಿಲ್ಲ ಅಂದುಕೊಂಡಳು. ಆದರೆ ಕೈ ತೊಳೆದರೂ ಕೈ ಹಗುರಾಗಲಿಲ್ಲ.

ವಾಡಿಯ ಆ ಓಣಿಯಲ್ಲಿ ಇಬ್ಬರದೂ ಒಂದೇ ಗೋಡೆಯ ಮನೆ, ಇಪ್ಪತ್ತೆರಡು ವರ್ಷದ ನೆರೆ. ನಡುವಯಸ್ಸಿನಲ್ಲಿ ಸಂಜೆಶಾಲೆಗೆ ಕೂಡಿಯೇ ಹೋಗಿ, ಒಂದೇ ಪಾಟಿಯ ಮೇಲೆ ಅಕ್ಷರ ತಿದ್ದಿದವರು. ಜೈತುನ್ಬೀಯ ಒಬ್ಬನೇ ಮಗ ಮತೀನನಿಗೆ ಮೀನಿನ ಹುಚ್ಚು. ದುಡಿದು ಬಂದವನು ಅಂಗಿ ಬಿಚ್ಚುವ ಮೊದಲು ತೊಟ್ಟಿಯ ಮುಂದೆ ಕುಂದ್ರುವನು. "ಖಾಲಾ, ಬರ್ರಿ ಇಲ್ಲಿ, ಇದು ನನ್ನ ಬೆರಳ ಗುರ್ತ ಹಿಡೀತದ ನೋಡ್ರಿ" ಅಂತ ಶಿವಕಾಂತಮ್ಮನನ್ನು ಕೂಗುವನು. ಹೋದ ವರ್ಷ ಚಿತ್ತಾಪುರ ರಸ್ತೆಯಲ್ಲಿ ಅವನ ಗಾಡಿಗೆ ಲಾರಿ ಬಡಿದು ಅವನು ಅಲ್ಲೇ ತೀರಿಕೊಂಡ. ಆ ಸುದ್ದಿ ಫೋನಿನಲ್ಲಿ ಬಂತು. ಅಂದಿನಿಂದ ಜೈತುನ್ಬೀ ಫೋನು ಮುಟ್ಟಿಲ್ಲ.

ನಲವತ್ತು ದಿನ ಕಳೆದ ಮೇಲೆ ಆಕೆ ಚಿಂಚೋಳಿಯ ಮಗಳ ಮನೆಗೆ ಹೊರಟು ನಿಂತಳು. "ಅಕ್ಕಾ, ಇವನ್ನ ನೋಡಿದ್ರ ನನಗ ಉಸುರು ಹಿಡೀತದ. ಮಾರಾಕ ಮನಸ್ಸಿಲ್ಲ. ನೀ ಇಟ್ಕೋ" ಅಂದಳು. ಅರ್ಧ ತುಂಬಿದ ಕಾಳಿನ ಡಬ್ಬಿಯನ್ನು ಕೈಯಲ್ಲಿಟ್ಟು, "ಇದು ತೀರಿದ್ರ ಇಂಥದ್ದೇ ತರಸು. ಅವ ಬ್ಯಾರೆ ಹಾಕ್ತಿದ್ದಿಲ್ಲ" ಅಂತ ಎರಡು ಸಲ ಹೇಳಿದಳು.

ಎರಡು ಸಲ ಹೇಳಿದ್ದಳು. ಶಿವಕಾಂತಮ್ಮನಿಗೆ ಅದು ಮರೆತಿರಲಿಲ್ಲ.

ಡಬ್ಬಿ ತೆರೆದರೆ ಒಣಮೀನಿನ ವಾಸನೆ. ಲಿಂಗಪೂಜೆ ನಡೆಯುವ ಮನೆ, ಉಳ್ಳಿಗಡ್ಡಿ ಬಿಟ್ಟರೆ ಬೇರೆ ವಾಸನೆ ಅರಿಯದ ಮನೆ. ಎರಡು ದಿನ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಾಕಿದಳು. ಮೂರನೆಯ ದಿನ ಡಬ್ಬಿಯನ್ನು ಓಣಿಯ ತುದಿಯಲ್ಲಿ ಚೆಲ್ಲಿ ಬಂದಳು. ಮೀನಿಗೆ ಮೀನು ತಿನ್ನಿಸುವುದು ಯಾವ ಧರ್ಮ? ರೇವಣಪ್ಪನ ಕಿರಾಣಿ ಅಂಗಡಿಯಲ್ಲಿ ಕೆಂಪು, ಹಸಿರು, ಹಳದಿ ಕಾಳು ಬಿಡಿಯಾಗಿ ಸಿಗುತ್ತಿದ್ದವು. ಮೂಸಿ ನೋಡಿದಳು, ಪುಠಾಣಿ ಹಿಟ್ಟಿನ ವಾಸನೆ. ಮನಸ್ಸು ಹಿಗ್ಗಿತು. "ನಮ್ಮ ಮನ್ಯಾಗ ಮೀನು ಸೈತ ಶಾಖಾಹಾರಿ" ಅಂತ ಓಣಿಯ ಹೆಂಗಸರ ಮುಂದೆ ಹೇಳಿ ನಕ್ಕಿದ್ದಳು ಕೂಡ.

ಮೊದಲನೆಯದು ಸತ್ತಾಗ ವಯಸ್ಸಾಗಿತ್ತೇನೋ ಅಂದಳು. ಎರಡನೆಯದಕ್ಕೆ ತಪ್ಪನ್ನು ಬಿಸಿಲಿನ ಮೇಲೆ ಹಾಕಿದಳು. ನಾಲ್ಕು ತಿಂಗಳ ಹಿಂದೆ ಜೈತುನ್ಬೀಯ ಕಾಗದ ಬಂತು, ದಪ್ಪ ದಪ್ಪ ಅಕ್ಷರ: "ಮೀನು ಆರೂ ಆರಾಮ ಅವೇನು ಅಕ್ಕಾ?" ಶಿವಕಾಂತಮ್ಮ ಅಂದೇ ಒಂದು ಇನ್‌ಲ್ಯಾಂಡ್ ತಂದು "ಪ್ರೀತಿಯ ಜೈತುನ್ಬೀಗೆ ಶರಣು" ಅಂತ ಬರೆದಳು. ಮುಂದಿನ ಸಾಲಿಗೆ ಪೆನ್ನು ನಡೆಯಲಿಲ್ಲ. ಆ ಹಾಳೆ ದೇವರ ಜಗಲಿಯ ಕೆಳಗೆ ಹಾಗೇ ಉಳಿಯಿತು.

ಈ ಸೋಮವಾರ ಎರಡನೆಯ ಕಾಗದ ಬಂದಿತ್ತು. "ರಂಜಾನ್ ಮುಗಿದ ಮ್ಯಾಲ ಬರ್ತೀನಿ. ಈಗ ನೋಡೋ ಧೈರ್ಯ ಬಂದದ. ನನ್ನ ಮತೀನನ ಮೀನು ನಾನೇ ಒಯ್ತೀನಿ."

ಸಿದ್ಧಲಿಂಗ ಪೇಪರ್ ಮಡಿಚಿಟ್ಟ. "ಶಹಾಬಾದ್ ಸ್ಟೇಷನ್ ಬಾಜೂಕ ಮಶಾಕ ಅಂತ ಒಬ್ಬ ಮೀನು ಮಾರ್ತಾನ. ಹೋಗಿ ಅಂಥವೇ ಐದು ತಂದು ಬಿಡು. ಮೀನಿನ ಹಣಿ ಮ್ಯಾಲೇನು ಹೆಸರು ಬರದಿರ್ತದ?"

ಆಕೆ ಒಂದು ಪುಡಿಕೆ ಕಾಳು ಕಟ್ಟಿ ಚಂಚಿಯಲ್ಲಿಟ್ಟುಕೊಂಡಳು. ಮಧ್ಯಾಹ್ನದ ಪ್ಯಾಸೆಂಜರ್ ರೈಲು ಹಿಡಿದಳು.

ಮಶಾಕನ ಅಂಗಡಿ ಸಣ್ಣದು, ಮೂರೂ ಗೋಡೆಗೆ ತೊಟ್ಟಿಗಳು. "ಕುಂದ್ರಿ ಅಮ್ಮಾ. ಐದು ಒಮ್ಮೆಲೇ ಬೇಕೇನು? ಹಳೇವು ಏನಾದ್ವು?"

"ಹೋದ್ವು."

"ಏನು ತಿನಿಸ್ತಿದ್ರಿ?"

ಶಿವಕಾಂತಮ್ಮ ಎಲೆಅಡಿಕೆಯ ಚಂಚಿಯಿಂದ ಒಂದು ಪುಡಿಕೆ ತೆಗೆದಳು. ಮಶಾಕ ಬಣ್ಣದ ಕಾಳನ್ನು ಬೆರಳಿನಲ್ಲಿ ಹಿಸುಕಿ ನೋಡಿ, ನಾಲ್ಕನ್ನು ಒಂದು ಗ್ಲಾಸ್ ನೀರಿಗೆ ಹಾಕಿದ. ಇನ್ನೊಂದು ಗ್ಲಾಸಿಗೆ ತನ್ನ ಡಬ್ಬಿಯ ಕಂದು ಕಾಳು ನಾಲ್ಕು. "ಚಾ ಕುಡೀರಿ. ಕುಡಿಯೋತನಕ ನೋಡ್ಕೊಂತ ಇರ್ರಿ, ಅವೇ ಹೇಳ್ತಾವ."

ಚಹಾ ಮುಗಿಯುವಷ್ಟರಲ್ಲಿ ಆಕೆಯ ಕಾಳು ಕರಗಿ ಗಂಜಿಯಾಗಿತ್ತು. ನೀರು ಮಬ್ಬು, ಮನೆಯ ತೊಟ್ಟಿಯ ಹಾಗೇ. ಅವನ ಕಾಳು ಉಬ್ಬಿದ್ದವು, ಆದರೆ ಇಡಿಯಾಗಿ ತಳದಲ್ಲಿ ಕೂತಿದ್ದವು.

"ಬರೇ ಹಿಟ್ಟು, ಬಣ್ಣ" ಅಂದ ಮಶಾಕ. "ಬಣ್ಣ ಕಾಳಿಗಿ ಬಂತು, ಮೀನಿಂದು ಹೋಯ್ತು. ಡಬ್ಬಿ ಮ್ಯಾಲ ಮೊದಲ ಏನು ಬರದಾರಂತ ನೋಡ್ಬೇಕ್ರಿ ಅಮ್ಮಾ. ಮೊದಲ ಇದ್ದದ್ದೇ ಒಳಗ ಹೆಚ್ಚು ಇರ್ತದ. ಇಲ್ಲಿ ನೋಡ್ರಿ, ಮೊದಲ ಮೀನಿನ ಪುಡಿ. ಆಮ್ಯಾಗ ತಾರೀಖು. ಆಮ್ಯಾಗ ಕಾಳು ಅದರ ಬಾಯಾಗ ಹಿಡಿಸ್ತದೋ ಇಲ್ಲೋ." ಅವನು ನಕ್ಕ. "ನಾ ಕಲಿಸಿದ್ದಲ್ಲ ಇದು. ನಿಮ್ಮ ವಾಡಿದಾಗ ಒಬ್ಬ ಮತೀನ ಅಂತ ಇದ್ದ. ನೀರಾಗ ನೆನಿಹಾಕಿ ನೋಡದ ಒಯ್ತಿದ್ದಿಲ್ಲ. ದೊಡ್ಡ ಡಬ್ಬಿ ಕೊಡ್ತೀನಂದ್ರ ಒಲ್ಲೆ ಅಂತಿದ್ದ. ಬಾಯಿ ತೆಗೆದಿಟ್ಟದ್ದು ಸತ್ವ ಕಳಕೊಂತದಂತ. ಮದಿವಿಗಿ ಹುಡುಗಿ ಸೈತ ಇಷ್ಟು ನೋಡಾಂಗಿಲ್ಲ ಬಿಡೋ ಅಂತಿದ್ದೆ ಅವನಿಗಿ. ಭಾಳ ಚಲೋ ಹುಡುಗ."

ಶಿವಕಾಂತಮ್ಮ ಎರಡನೆಯ ಗ್ಲಾಸನ್ನೇ ನೋಡುತ್ತಿದ್ದಳು. "ಅವನವೇ ಆ ಮೀನು. ಅವನ ಅಮ್ಮಿ ಒಯ್ಯಾಕ ಬರ್ತಾಳ" ಅಂದಳು.

ಮಶಾಕ ಎರಡೂ ಗ್ಲಾಸು ಬದಿಗೆ ಸರಿಸಿದ. ಆಮೇಲೆ ಜಾಳಿಗೆ ತಗೊಂಡು ಒಂದೊಂದಾಗಿ ಐದು ಮೀನು ಹಿಡಿದು ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಬಿಟ್ಟ. "ಅಷ್ಟೇ ಉದ್ದ, ಅದೇ ಬಣ್ಣ. ಅವನ ಅಮ್ಮಿಗಿ ತಿಳಿಯಾಂಗಿಲ್ಲ ಒಯ್ರಿ. ಪಾಪ, ಆಕಿಗಿ ಸಮಾಧಾನ ಆಗ್ಲಿ."

ಆಕೆ ಚೀಲವನ್ನು ಬೆಳಕಿಗೆ ಎತ್ತಿ ಹಿಡಿದಳು. ಐದೂ ಮಿರಿಮಿರಿ ಮಿಂಚುತ್ತಿದ್ದವು. ಜೈತುನ್ಬೀ ಬರುತ್ತಾಳೆ. ತೊಟ್ಟಿಯ ಮುಂದೆ ಕುಂದ್ರುತ್ತಾಳೆ, ನೀರಿನಲ್ಲಿ ಬೆರಳು ಇಡುತ್ತಾಳೆ. ಮಗನ ಬೆರಳು ಬಲ್ಲವು ಅಂತ ಇವುಗಳ ಮುಂದೆ ಅಳುತ್ತಾಳೆ. ಪಕ್ಕದಲ್ಲಿ ತಾನು ನಿಂತು ನೋಡಬೇಕು.

"ತಿರುಗಿ ತೊಟ್ಯಾಗ ಬಿಡಪ್ಪಾ" ಅಂತ ಚೀಲ ಮರಳಿಸಿದಳು. "ಇವು ಅವನ ಕೈಯಾಗ ಉಂಡಿಲ್ಲ."

ಸಣ್ಣ ಡಬ್ಬಿ ಕಾಳು ಮಾತ್ರ ತಗೊಂಡಳು.

ಮನೆಯಲ್ಲಿ ಮುಚ್ಚಳ ತೆರೆದ ಕೂಡಲೇ ಸಿದ್ಧಲಿಂಗ ಮೂಗು ಹಿಡಿದುಕೊಂಡ. "ಈ ವಾಸನಿಗೇ ನೀ ಚೆಲ್ಲಿದ್ದಿಲ್ಲೇನು?"

"ನಾನೇ ಚೆಲ್ಲಿದ್ದೆ."

"ಮತ್ತ?"

"ಮತ್ತೇನಿಲ್ಲ. ಇದು ಅವುಗಳ ಊಟ. ನಮ್ಮ ಊಟ ಅವಕ್ಕ ಹಚ್ಚಿದ್ದು ನಂದು ತಪ್ಪು."

ಅವನು ಎದ್ದು ಹೋಗಿ ಕಿಟಕಿ ತೆರೆದ.

ಉಳಿದ ಮೀನು, ಬಾಲ ಸೀಳಿದ್ದು, ಬಣ್ಣ ಬಿಳಿಚಿಕೊಂಡು ತಳಕ್ಕೆ ಹತ್ತಿ ನಿಂತಿತ್ತು. ಎರಡೇ ಕಾಳು ಹಾಕಿದಳು. ಅದು ಒಂದನ್ನು ಬಾಯಿಗೆ ತಗೊಂಡು ಉಗುಳಿತು. ಮತ್ತೆ ತಗೊಂಡಿತು, ಮತ್ತೆ ಉಗುಳಿತು. ಮೂರನೆಯ ಸಲ ಬಾಯಿ ಮುಚ್ಚಿಕೊಂಡಿತು. ನುಂಗಿತೋ ಇಲ್ಲವೋ ಕಾಣಿಸಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಆ ಹಳೆಯ ಇನ್‌ಲ್ಯಾಂಡ್ ತೆಗೆದು ಹೊಸ್ತಿಲ ಬೆಳಕಿಗೆ ಕೂತಳು. ಶರಣು ಅಂದ ಸಾಲಿನ ಕೆಳಗೆ ಬರೆದಳು:

"ಐದು ಮೀನು ಸತ್ತಾವ. ರೋಗ ಬಂದು ಸತ್ತಿಲ್ಲ. ನೀ ಕೊಟ್ಟ ಕಾಳು ವಾಸನಿ ಬರ್ತದಂತ ನಾ ಚೆಲ್ಲಿ, ಬ್ಯಾರೆ ಹಾಕಿದೆ. ನೀ ಎರಡು ಸಲ ಹೇಳಿದ್ದಿ. ಹಿತ್ತಲದಾಗ ಮಣ್ಣು ಕೊಟ್ಟೀನಿ. ಅಂಥವೇ ತಂದು ಬಿಡಬೇಕಂತ ಶಹಾಬಾದಿಗಿ ಹೋಗಿದ್ದೆ, ಅದೂ ನಿನಗ ಹೇಳಬೇಕು. ತರಲಿಲ್ಲ. ಒಂದು ಉಳಿದದ. ಬೆಳ್ಳಗ ಆಗ್ಯಾದ, ಬಾಲ ಸೀಳಿದ್ದಕ್ಕ ಗುರ್ತು ಸಿಗ್ತದ. ನಿನ್ನೆಯಿಂದ ಮತೀನನ ಕಾಳೇ ಹಾಕ್ಲಾಕತ್ತೀನಿ. ನೀ ಬರೋತನಕ ಇರ್ತದಂತ ಮಾತು ಕೊಡಾಕ ಆಗಾಂಗಿಲ್ಲ. ರಂಜಾನ್ ತನಕ ಕಾಯಬ್ಯಾಡ, ಬರೋ ಮನಸ್ಸಿದ್ರ ಈಗೇ ಬಾ. ಮನಸ್ಸಿಲ್ಲಂದ್ರೂ ನಾ ಏನೂ ಅನ್ನಾಂಗಿಲ್ಲ."

ಓದಿ ನೋಡಿದರೆ ಹೊಡೆದು ಹಾಕಬೇಕೆನಿಸೀತು ಅಂತ ಓದಲಿಲ್ಲ. ಅಂಟಿಸಿ ಅಂಚೆ ಕಚೇರಿಗೆ ನಡೆದಳು.

ಹೊರಗೆ ಪೋಸ್ಟ್‌ಮ್ಯಾನ್ ಧರ್ಮಣ್ಣ ಅಂಚೆ ಡಬ್ಬಿಯ ಬಾಯಿ ತೆರೆದು ಟಪಾಲು ಚೀಲಕ್ಕೆ ತುಂಬುತ್ತಿದ್ದ. "ಏನಮ್ಮಾ, ಚಿಂಚೋಳಿಗೇನು? ಕಡೀಕೂ ಬರದ್ರಿ ನೋಡ್ರಿ. ತರ್ರಿ ಇಲ್ಲಿ."

ಅವನು ಕೈ ಚಾಚಿದ. ಆಕೆಯ ಬೆರಳು ಕಾಗದದ ಅಂಚನ್ನು ಒಂದು ಗಳಿಗೆ ಹಿಡಿದವು.

"ಇವತ್ತೇ ಹೋಗ್ತದೇನಪ್ಪಾ?"

"ಈಗ ಬರೋ ಗಾಡಿಗೇ ಹೋಗ್ತದ್ರಿ."

ಆಕೆ ಬಿಟ್ಟಳು. ಧರ್ಮಣ್ಣ ಅದನ್ನು ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಸೈಕಲ್ಲಿಗೆ ಏರಿಸಿ ಸ್ಟೇಷನ್ ಕಡೆ ಹೊರಟ.