ಪಾಪಯ್ಯನ ತಕರಾರು

ಪಾಪಯ್ಯನ ಹೆಣವನ್ನು ಜಗಲಿಯ ಮೇಲೆ ಕೂರಿಸಿ, ಗೋಡೆಗೆ ಒರಗಿಸಿ, ಗದ್ದಕ್ಕೂ ತಲೆಗೂ ಸೇರಿಸಿ ಬಿಳಿ ಬಟ್ಟೆ ಕಟ್ಟುತ್ತಿದ್ದಾಗ ಅಕ್ಕ ಸುಬ್ಬಮ್ಮ ಒಳಗಿನಿಂದ ಬಂದವಳೇ, "ರೋಡ್ ಕಡೆ ಬ್ಯಾಡ. ಕೊಟ್ಗೆ ಕಡೆ ತಿರುಗ್ಸಿ" ಅಂದಳು.

ಕಟ್ಟುತ್ತಿದ್ದವನು ಅವಳ ದೊಡ್ಡಪ್ಪನ ಮಗ ನಂಜಯ್ಯ. ಊರಿನಲ್ಲಿ ಯಾರು ಸತ್ತರೂ ಮುಂದೆ ನಿಂತು ನಡೆಸುವವನು ಅವನೇ. "ಬರೋರ್ಗೆ ಮಕ ಕಾಣ್ಬೇಡ್ವೇನವ್ವಾ? ಕೊಟ್ಗೇಲಿ ಏನೈತೆ, ಎಮ್ಮೆ!"

"ಅವ್ನಿಗೆ ಎಮ್ಮೇನೇ ಬೇಕು ಕಣಣ್ಣ. ತಿರುಗ್ಸು."

ಸಾವಿನ ಮನೆಯಲ್ಲಿ ವಾದ ಯಾಕೆಂದು ನಂಜಯ್ಯ ತಿರುಗಿಸಿ ಕೂರಿಸಿದ. ಬಂದವರೆಲ್ಲ ಜಗಲಿ ಸುತ್ತಿಕೊಂಡು ಹೋಗಿ ಮುಖ ನೋಡಬೇಕಾಯಿತು. ನೋಡಿದವರು ಒಂದೇ ಮಾತು ಆಡಿದರು. "ಪಾಪ, ದೇವ್ರಂತೋನು. ಒಂದಿನಾನೂ ಯಾರ್ಗೂ ಎದುರಾಡ್ದೋನಲ್ಲ."



*

ಪಾಪಯ್ಯನಿಗೆ ಹುಟ್ಟಿದಾಗಿನಿಂದ ಕೈಕಾಲು ಸ್ವಾಧೀನವಿರಲಿಲ್ಲ. ಗಂಟಲಿನಿಂದ ಸ್ವರ ಬರುತ್ತಿತ್ತು, ಮಾತಾಗುತ್ತಿರಲಿಲ್ಲ. ತಾಯಿ ತೀರಿಕೊಂಡಾಗ ಸುಬ್ಬಮ್ಮ ಅರಕಲಗೂಡಿನ ಕಡೆಯ ಗಂಡನ ಮನೆಯಿಂದ ತಿಥಿಗೆಂದು ಶಾಂತಿಗ್ರಾಮಕ್ಕೆ ಬಂದವಳು ವಾಪಸ್ ಹೋಗಲೇ ಇಲ್ಲ. ಗಂಡ ಕರೆದು ಕರೆದು ಸಾಕಾಗಿ ಬೇರೆ ಮದುವೆಯಾದ. ಅವಳು ಆ ವಿಷಯವನ್ನು ಯಾರ ಮುಂದೆಯೂ ಎತ್ತಲಿಲ್ಲ.

ತಮ್ಮನನ್ನು ಮೀಯಿಸಿ, ಉಣ್ಣಿಸಿ, ದಿನಾ ಬೆಳಿಗ್ಗೆ ಜಗಲಿಯಲ್ಲಿ ರಸ್ತೆಗೆ ಮುಖ ಮಾಡಿ ಕೂರಿಸುವಳು. ಹಾಸನಕ್ಕೆ ಹೋಗುವ ಬಸ್ಸು, ಚನ್ನರಾಯಪಟ್ಟಣಕ್ಕೆ ಹೋಗುವ ಲಾರಿ ನೋಡಿಕೊಂಡು ಹೊತ್ತು ಹೋಗಲಿ ಅಂತ. ಅವನು ಕೂಗಿದರೆ ಹಸಿವೆಂದುಕೊಂಡು ತಿನ್ನಿಸುವಳು. ಮತ್ತೂ ಕೂಗಿದರೆ ಬಿಸಿಲೆಂದುಕೊಂಡು ನೆರಳಿಗೆ ಸರಿಸುವಳು.

ನಂಜಯ್ಯನ ಮಗಳು ದೀಪಶ್ರೀ ಅದೇ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಪಾಠ ಓದುತ್ತಿದ್ದಳು. ಪಕ್ಕದಲ್ಲಿ ಅವಳ ಪುಸ್ತಕ ನೋಡುತ್ತಿದ್ದ ಪಾಪಯ್ಯನೂ ಅಕ್ಷರ ಕಲಿತುಕೊಂಡಿದ್ದ. ಅದು ಗೊತ್ತಾದದ್ದು ಅವಳು ಹಾಸನದಲ್ಲಿ ನರ್ಸ್ ಆಗಿ, ಅಕ್ಷರ ಒತ್ತಿದರೆ ಓದಿ ಹೇಳುವ ಒಂದು ಟ್ಯಾಬು ತಂದು ಅವನ ಮುಂದೆ ಇಟ್ಟಾಗ. ಬಲಗೈಯ ಒಂದು ಬೆರಳು ಮಾತ್ರ ಅವನ ಮಾತು ಕೇಳುತ್ತಿತ್ತು. ಅದರಲ್ಲೇ ತಡವಿ ತಡವಿ ಒತ್ತಿದ. ಟ್ಯಾಬು ನುಡಿಯಿತು:

"ರೋಡು ನೋಡಿ ಸಾಕಾಗಿದೆ. ಎಮ್ಮೆ ಕಡೆ ತಿರುಗಿಸು."

ಸುಬ್ಬಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆಮೇಲೆ ಒಲೆ ಮುಂದೆ ಕೂತು ಅತ್ತಳು.

ಹಾಸನದಲ್ಲಿ ಇಂದ್ರಕುಮಾರ್ ಮೇಷ್ಟ್ರ ಮನೆಯಲ್ಲಿ ಭಾನುವಾರ ಓದುಗರ ಕೂಟ ಸೇರುತ್ತದೆ ಎಂದು ಹೇಳಿದವಳೂ ದೀಪಶ್ರೀಯೇ. ಎಲ್ಲರೂ ಒಂದೇ ಪುಸ್ತಕ ಓದಿ ಬಂದು ಅದರ ಬಗ್ಗೆ ಮಾತಾಡುವುದು. ಬಾಯಲ್ಲಿ ಮಾತಾಡುವವರಿದ್ದರು, ಟ್ಯಾಬಿನಲ್ಲಿ ಮಾತಾಡುವವರಿದ್ದರು, ಹಲಗೆಯ ಮೇಲಿನ ಅಕ್ಷರಗಳನ್ನು ಕಣ್ಣಿನಲ್ಲೇ ತೋರಿಸಿ ಮಾತಾಡುವವರೂ ಇದ್ದರು. ಒಬ್ಬರು ಅಕ್ಷರ ಕೂಡಿಸುತ್ತಿದ್ದರೆ ಮಿಕ್ಕವರು ಕಾಯಬೇಕು, ಎಷ್ಟು ಹೊತ್ತಾದರೂ.

ಮೊದಲ ದಿನ ಪಾಪಯ್ಯ ಬೆರಳಾಡಿಸುತ್ತಿದ್ದಾಗ ಸುಬ್ಬಮ್ಮ, "ಅವ್ನು ಕಾಪಿ ಕೇಳ್ತಾವ್ನೆ ಸಾ" ಅಂದಳು.

"ಅವರೇ ಹೇಳ್ಲಿ ಬಿಡಿ, ಸುಬ್ಬಮ್ಮನೋರೆ" ಅಂದರು ಮೇಷ್ಟ್ರು.

ಬಹಳ ಹೊತ್ತಿನ ಮೇಲೆ ಟ್ಯಾಬು ಹೇಳಿತು: "ಇದನ್ನು ಬರೆದವನಿಗೆ ಹೆಂಗಸರ ಕಷ್ಟ ಗೊತ್ತಿಲ್ಲ."

ಒಳಗೆ ಎಲ್ಲರೂ ಒಟ್ಟಿಗೆ ಜಗಳಕ್ಕೆ ಬಿದ್ದರು. ಸುಬ್ಬಮ್ಮ ಮೆಲ್ಲಗೆ ಎದ್ದು ಹೊರಗೆ ಹೋದಳು. ಆಮೇಲಿನ ಭಾನುವಾರಗಳಲ್ಲೆಲ್ಲ ಅವಳು ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿದಳು. ಪುಸ್ತಕದ ಮಾತು ತನಗ್ಯಾಕೆ ಅಂತ.

*

ಹೊಲದ ಬದಿಯ ಗುಣಿಗೆ ಹೆಣ ಇಳಿಸುವ ಹೊತ್ತಿಗೆ ಹಾಸನದ ಆಟೋ ಬಂತು. ಇಂದ್ರಕುಮಾರ್ ಮೇಷ್ಟ್ರು ಇಳಿದರು. ಕೂಟದ ತೇಜಶ್ರೀಯನ್ನೂ ಗಾಲಿಕುರ್ಚಿಯನ್ನೂ ಇಳಿಸಿಕೊಂಡರು. ಕಾಲೇಜು ಮುಗಿಸಿದ ಹುಡುಗಿ, ಅವಳಿಗೂ ಪಾಪಯ್ಯನ ಹಾಗೆ ಟ್ಯಾಬೇ ಬಾಯಿ. ಉತ್ತ ಹೊಲದಲ್ಲಿ ಗಾಲಿ ಉರುಳದೆ ಗಂಡಸರು ಕುರ್ಚಿ ಸಮೇತ ಎತ್ತಿ ತಂದರು.

ಎಲ್ಲರೂ ಹಿಡಿ ಮಣ್ಣು ತೆಗೆದುಕೊಂಡಿದ್ದರು. ತೇಜಶ್ರೀ ಟ್ಯಾಬಿನ ಮೇಲೆ ಬಾಗಿದಳು.

"ಏನಂತೆ ಆ ಮಗೀಗೆ?" ಅಂದ ನಂಜಯ್ಯ.

"ಏನೋ ಹೇಳಬೇಕಂತೆ ಯಜಮಾನ್ರೆ" ಅಂದರು ಮೇಷ್ಟ್ರು.

"ಮಣ್ಣಾಕಿದ್ ಮ್ಯಾಲೆ ಹೇಳ್ಲಿ ಸಾ. ರಾವುಕಾಲ ಬಂದ್ಬುಡ್ತದೆ. ಒಳ್ಳೇವ್ನು ಅಂತಾಳೆ, ನಾವೂ ಅದ್ನೇ ಅಂತೀವಿ."

"ಅವ್ಳ ಮಾತ ನೀನ್ಯಾಕಣ್ಣ ಆಡೀಯೆ?" ಅಂದಳು ಸುಬ್ಬಮ್ಮ. "ತಡಿ. ಅವ್ಳೇ ಹೇಳ್ಲಿ."

ಊರು ನಿಂತಿತು. ಯಾರೋ ಕೆಮ್ಮಿದರು. ಹೆದ್ದಾರಿಯಲ್ಲಿ ಬಸ್ಸೊಂದು ಹಾರ್ನ್ ಮಾಡಿಕೊಂಡು ಹೋಯಿತು. ತೇಜಶ್ರೀಯ ಬೆರಳು ಒಂದು ಅಕ್ಷರಕ್ಕೆ ಹೋಗಿ, ತಪ್ಪಿ, ಮತ್ತೆ ಹೋಗುತ್ತಿತ್ತು. ಕೊನೆಗೆ ಟ್ಯಾಬು ಮಾತಾಡಿತು:

"ಪಾಪಣ್ಣ, ನೀವು ಹೇಳಿದ್ದು ತಪ್ಪು. ಆಕೆ ತವರಿಗೆ ಬಂದದ್ದು ಸರಿ. ಹೋದ ಭಾನುವಾರ ಹೇಳುವಷ್ಟರಲ್ಲಿ ಹೊತ್ತಾಯಿತು. ಈಗ ಹೇಳಿದ್ದೇನೆ."

"ಸತ್ತೋನ್ ಮ್ಯಾಲೆ ಜಗಳ ಕಾಯ್ತಾವ್ಳಲ್ಲಪ್ಪೋ!" ಅಂದ ನಂಜಯ್ಯ.

"ಜಗಳವೇ" ಅಂದರು ಮೇಷ್ಟ್ರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. "ಪಾಪಯ್ಯನಷ್ಟು ತಕರಾರಿನ ಮನುಷ್ಯ ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಈ ಸಲದ ಕಾದಂಬರಿಯಲ್ಲಿ ಒಬ್ಬಳು, ಹಾಸಿಗೆ ಹಿಡಿದ ತಂದೆಗೋಸ್ಕರ ಗಂಡನ ಮನೆ ಬಿಟ್ಟು ಬರ್ತಾಳೆ. ಅವಳು ಬರಬಾರದಿತ್ತು, ಆ ಮುದುಕನಿಂದ ಅವಳ ಬಾಳು ಹಾಳಾಯ್ತು ಅಂತ ಪಾಪಯ್ಯ ಹಟ ಹಿಡಿದು ಕೂತುಬಿಟ್ರು. ಯಾರು ಏನು ಹೇಳಿದ್ರೂ ಒಪ್ಪಲಿಲ್ಲ."

ಸುಬ್ಬಮ್ಮನ ಮುಷ್ಟಿಯ ಮಣ್ಣು ಬೆರಳ ಸಂದಿನಿಂದ ಉದುರಿತು. ಹೋದ ಭಾನುವಾರ ವಾಪಸ್ ಬರುವಾಗ ದಾರಿಯುದ್ದಕ್ಕೂ ಅವನು ಟ್ಯಾಬು ಮುಟ್ಟಿರಲಿಲ್ಲ. "ಏನ್ಲಾ, ಮುನಿಸ್ಕೊಂಡಿದ್ದೀಯಾ?" ಅಂತ ಕೇಳಿದ್ದಳು. ಅವನು ಅವಳನ್ನೇ ನೋಡುತ್ತಿದ್ದ.

ಬಗ್ಗಿ ಮತ್ತೆ ಹಿಡಿ ತುಂಬಿಕೊಂಡು ಗುಣಿಗೆ ಹಾಕಿದಳು. ಮಿಕ್ಕವರೂ ಹಾಕಿದರು. ಸನಿಕೆಗಳು ಬಂದವು, ಗುಣಿ ಮುಚ್ಚಿತು. ಜನ ಕೈಕಾಲು ತೊಳೆಯಲು ಪಂಪ್‌ಸೆಟ್ಟಿನ ಕಡೆ ಹೊರಟರು.

"ಬಾರವ್ವಾ, ಮನೇಗೋಗಿ ದೀಪ ನೋಡ್ಬೇಕು" ಎಂದು ನಂಜಯ್ಯ ಕರೆದ.

"ನೀವು ನಡೀರಿ. ಬತ್ತೀನಿ."

ಸುಬ್ಬಮ್ಮ ಬದುವಿನ ಮೇಲೆ, ತೇಜಶ್ರೀಯ ಕುರ್ಚಿಯ ಪಕ್ಕ ಕೂತಳು. ಕೇಳಿದಳು:

"ಮಗಾ, ಆ ಯಮ್ಮ ತಾನಾಗೇ ಬಂದ್ಲಾ, ಇಲ್ಲಾ ಇನ್ಯಾರೂ ಇಲ್ಲ ಅಂತ ಬಂದ್ಲಾ? ಏನಂತ ಬರ್ದವ್ರೆ?"

ಮೇಷ್ಟ್ರು ಉತ್ತರ ಹೇಳಲು ಬಾಯಿ ತೆರೆದರು. ಸುಬ್ಬಮ್ಮ ಮಣ್ಣು ಮೆತ್ತಿದ ಕೈಯೆತ್ತಿ ಅವರನ್ನು ತಡೆದಳು. ತೇಜಶ್ರೀಯ ಬೆರಳು ಮೊದಲ ಅಕ್ಷರ ಹುಡುಕುತ್ತ ಗಾಜಿನ ಮೇಲೆ ಸರಿಯುತ್ತಿತ್ತು.