ಮೊದಲಿನ ಬಿಡಿಭಾಗಗಳು

ಹಾಲ್ವರ್ ಸ್ಟೆನ್ಸ್‌ರುಡ್ ಆ ವಸಂತದಲ್ಲಿ ನನ್ನ ಬಂದೂಕಿನ ಅಂಗಡಿಗೆ ಬಂದು ತನ್ನ ಪಿಸ್ತೂಲಿಗೆ ಹೊಸ ಗುರಿಸಾಧನ ಹಾಕಿಸಬೇಕೆಂದಾಗ, ನಾನು ಅದನ್ನು ವಿನೋದವೆಂದೇ ಎಣಿಸಿದೆ. ನಮ್ಮ ಗುರಿಕಾರರ ಕ್ಲಬ್ಬಿನಲ್ಲಿ ಕಾರ್ಖಾನೆಯಿಂದ ಬಂದ ಪಿಸ್ತೂಲನ್ನು ಬಂದಂತೆಯೇ ಇರಿಸಿಕೊಂಡಿದ್ದವನು ಅವನೊಬ್ಬನೇ. ಉಳಿದವರು ತಮ್ಮ ತಮ್ಮ ಆಯುಧಗಳಿಗೆ ಬಣ್ಣದ ಹಿಡಿಕೆ, ಕೆತ್ತಿದ ಕೊಳವೆ, ಹಗುರವಾದ ಸ್ಪ್ರಿಂಗು ಎಂದು ಏನೇನೋ ತೊಡಿಸಿಕೊಂಡು ಬಂದಾಗ, ಅವುಗಳನ್ನು ಕ್ರಿಸ್‌ಮಸ್ ಮರಗಳೆಂದು ಹಂಗಿಸುತ್ತಿದ್ದವನೂ ಅವನೇ.

"ಏನಯ್ಯಾ, ನೀನೂ ಕ್ರಿಸ್‌ಮಸ್ ಮರ ಮಾಡಿಸ್ಕೊಳೋಕೆ ಬಂದ್ಯಾ?" ಎಂದೆ.

"ಪಿಸ್ತೂಲಿನ ತುದೀಲಿರೋ ಗುರಿಗೂಟ ಕಾಣ್ತಾ ಇಲ್ಲ ಕಣೋ ಎಮೆಟ್. ಕನ್ನಡಕ ಬದಲಾಯ್ಸಿದ್ರೂ ಅಷ್ಟೆ. ಆ ಕೆಂಪು ಚುಕ್ಕಿದು ಇದ್ಯಲ್ಲ, ಅದನ್ನ ಹಾಕ್ಬಿಡು."

ಕೆಂಪು ಚುಕ್ಕಿಯದೆಂದರೆ ಹೆಬ್ಬೆರಳಿನಷ್ಟಗಲದ ಒಂದು ಗಾಜು. ನೋಡುವವನ ಕಣ್ಣಿಗೆ ಅದರೊಳಗೆ ಒಂದು ಕೆಂಪು ಬೆಳಕಿನ ಬಿಂದು ತೋರುತ್ತದೆ; ಆ ಬಿಂದು ಎಲ್ಲಿದೆಯೋ ಗುಂಡು ಅಲ್ಲಿಗೆ ಹೋಗುತ್ತದೆ. ಪಕ್ಕದಲ್ಲಿ ನಿಂತವನಿಗೆ ಅದು ಕಾಣುವುದಿಲ್ಲ. ನಾನು ಮೂರು ಬಗೆಯವನ್ನು ತೆಗೆದು ಗಲ್ಲೆಯ ಮೇಜಿನ ಮೇಲಿಟ್ಟೆ. ಹಾಲ್ವರ್ ಒಂದೊಂದನ್ನೇ ಕಣ್ಣಿಗೆ ಹಿಡಿದು, ಗೋಡೆಗೆ ತೂಗುಹಾಕಿದ್ದ ಎಲ್ಕ್ ಜಿಂಕೆಯ ತಲೆಯ ಮೂಗಿನತ್ತ ಬಹಳ ಹೊತ್ತು ನೋಡಿದ. ಆಗ ಅವನ ಅಂಗಿಯ ತೋಳು ಅದುರುತ್ತಿದ್ದುದು ನನ್ನ ಗಮನಕ್ಕೆ ಬಂತು. ಮೂವತ್ತು ವರ್ಷ ವಿದ್ಯುತ್ ಕಂಬಗಳನ್ನು ಹತ್ತಿ, ಜನವರಿಯ ಗಾಳಿಯಲ್ಲಿ ತಂತಿ ಬಿಗಿದ ಕೈ ಅದು.

"ಯಾವ್ದು ಹಾಕ್ಲಿ?"

"ಚುಕ್ಕಿ ಕಡಿಮೆ ಕುಣಿಯೋದು ಯಾವ್ದೋ ಅದು."

ಕುಣಿಯುವುದು ಚುಕ್ಕಿಯಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಎಲ್ಲಕ್ಕಿಂತ ದೊಡ್ಡ ಚುಕ್ಕಿಯದನ್ನು ಆರಿಸಿ ಕೂರಿಸಿಕೊಟ್ಟೆ. ತೆಗೆದ ಹಳೆಯ ಭಾಗವನ್ನು ಪೊಟ್ಟಣ ಕಟ್ಟಿ ಗಿರಾಕಿಗೇ ಮರಳಿಸುವುದು ನಮ್ಮ ಕಸುಬಿನ ಮರ್ಯಾದೆ. ಆ ಪೊಟ್ಟಣವನ್ನು ಅವನು ತನ್ನ ಟ್ರಕ್ಕಿನಲ್ಲಿದ್ದ ಖಾಲಿ ಕಾಫಿ ಡಬ್ಬಿಗೆ ಹಾಕಿಕೊಂಡ.

ಬೇಸಗೆ ಮುಗಿಯುವುದರೊಳಗೆ ಆ ಡಬ್ಬಿ ತುಂಬುತ್ತ ಬಂತು. ಹಿಡಿ ಜಾರುತ್ತದೆಂದು ಜೂನ್ ತಿಂಗಳಲ್ಲಿ ಮರಳುಕಾಗದದಂತೆ ಒರಟಾದ ಹಿಡಿಕೆ ಹಾಕಿಸಿದ. ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆಯಲು ಆಗುತ್ತಿಲ್ಲವೆಂದು, ಅದಕ್ಕೆ ಮೆತ್ತಗಿನ ಸ್ಪ್ರಿಂಗನ್ನೂ ಬೆರಳಿಗೆ ಸಿಗುವಂಥ ಒಂದು ಕೊಕ್ಕೆಯನ್ನೂ ಹಾಕಿಸಿದ. ಪ್ರತಿ ಸಲವೂ ಅವನ ಮುಖದಲ್ಲಿ ಒಂದು ಬೆಳಕಿರುತ್ತಿತ್ತು. ಪ್ರತಿ ಪಂದ್ಯದ ನಂತರ ಅದು ಆರಿರುತ್ತಿತ್ತು. ಆಗಸ್ಟಿನಲ್ಲಿ ಬಂದವನು ಹಗುರವಾದ ಟ್ರಿಗರ್ ಬೇಕೆಂದ.

"ಎಷ್ಟು ಹಗುರ?"

"ಬೆರಳು ಮುಟ್ಟಿದ್ರೆ ಸಾಕು, ಹಾರ್ಬೇಕು. ಈಗಿರೋದನ್ನ ಎಳೆಯೋಷ್ಟ್ರಲ್ಲಿ ಚುಕ್ಕಿ ಪಕ್ಕದ ಜಿಲ್ಲೆಗೆ ಹೋಗಿರುತ್ತೆ."

"ಆಗಲ್ಲ."

"ನಮ್ಮ ಕ್ಲಬ್ಬಿನ ರೋಂಡಾಗೆ ಹಾಕ್ಕೊಟ್ಟಿದ್ದೀಯ."

"ರೋಂಡಾ ಕೈ ನಡುಗಲ್ಲ, ಹಾಲ್ವರ್."

ಆ ಮಾತನ್ನು ನಮ್ಮಿಬ್ಬರಲ್ಲಿ ಒಬ್ಬರಾದರೂ ಆಡಿದ್ದು ಅದೇ ಮೊದಲು. ಅವನು ಗಲ್ಲೆಯ ಮೇಲಿದ್ದ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡ.

"ಬಿಲ್ಲಿಂಗ್ಸ್‌ ಆಸ್ಪತ್ರೇಲಿ ತೋರಿಸ್ದೆ. ಕಾಯಿಲೆಗೆ ಹೆಸರೂ ಇಟ್ಟಿದ್ದಾರೆ. ವಾಸಿಯಾಗಲ್ವಂತೆ. ಗುಳಿಗೆ ನುಂಗಿದ್ರೆ ಒಂದೆರಡು ಗಂಟೆ ಮನುಷ್ಯನ ಥರ ಇರ್ತೀನಿ."

"ಇನ್ಯಾರಿಗೆ ಗೊತ್ತು?"

"ನಿನಗೆ. ಮಾರ್ಲಿಸ್ ಇದ್ದಿದ್ರೆ ಅವಳಿಗೆ ಹೇಳೋದೇ ಬೇಕಾಗಿರ್ಲಿಲ್ಲ, ಕಾಫಿ ಲೋಟ ನೋಡೇ ಕಂಡುಹಿಡೀತಿದ್ಲು." ತೀರಿಹೋದ ಹೆಂಡತಿಯ ಹೆಸರೆತ್ತಿದವನು ಕೂಡಲೇ ಮಾತು ಬದಲಿಸಿದ: "ನನಗಿರೋದು ಕ್ಲಬ್ಬಿನ ಶನಿವಾರ ಒಂದೇ ಕಣೋ. ಮಿಕ್ಕಿದ ದಿನ ನಾನ್ ಮಾತಾಡೋದು ರೇಡಿಯೋ ಜತೆ. ಈ ಒಂದು ಭಾಗ ಸರಿಹೋದ್ರೆ ಇನ್ನೊಂದ್ ಎರಡು ವರ್ಷ ತಳ್ತೀನಿ."

"ಬರೀ ಕೂತು ನೋಡೋಕೆ ಬಾರಯ್ಯ. ಬೇಡ ಅಂದೋರ್ಯಾರು?"

"ಗುಂಡು ಹಾರಿಸ್ದೆ ಆ ಜಲ್ಲಿಗುಣೀಲಿ ಕೂರೋದು ಹೆಂಡ್ತೀರ ಹಿಂದೆ ಬರೋ ಗಂಡಂದ್ರು," ಎಂದು ನಗಲು ಯತ್ನಿಸಿದ. ನಗು ಅರ್ಧಕ್ಕೇ ನಿಂತಿತು.

ನಾನು ಹಾಕಿಕೊಡಲಿಲ್ಲ. ಅವನು ಮುನಿಸಿಕೊಳ್ಳದೆ ಟೋಪಿ ಸರಿಪಡಿಸಿಕೊಂಡು ಹೊರಟುಹೋದ. ಆ ಸಮಾಧಾನವೇ ನನ್ನನ್ನು ಕಳವಳಕ್ಕೀಡು ಮಾಡಿತು.

ಸೆಪ್ಟೆಂಬರಿನ ಪಂದ್ಯ ನಡೆದದ್ದು ಎಂದಿನಂತೆ ಊರಾಚೆಯ ಹಳೆಯ ಜಲ್ಲಿಗುಣಿಯಲ್ಲಿ. ಪ್ರತಿ ಶನಿವಾರ ಅಲ್ಲಿ ಅಭ್ಯಾಸ, ತಿಂಗಳಿಗೊಮ್ಮೆ ಪಂದ್ಯ. ಪಂದ್ಯದ ಕ್ರಮ ಸರಳವಾದುದು: ಗಡಿಯಾರ ಕೂಗಿದೊಡನೆ ಸೊಂಟದ ಚೀಲದಿಂದ ಪಿಸ್ತೂಲು ತೆಗೆದು, ಮಣ್ಣಿನ ದಿಬ್ಬದ ಮುಂದೆ ನಿಲ್ಲಿಸಿದ ಉಕ್ಕಿನ ತಟ್ಟೆಗಳನ್ನು ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಹೊಡೆಯುವುದು. ಹೊಡೆಯುವವನ ಭುಜದ ಬಳಿ ಗಡಿಯಾರ ಹಿಡಿದು ನಿಲ್ಲುವ ಮೇಲ್ವಿಚಾರಕನ ಕೆಲಸ ಅಂದು ನನ್ನದಾಗಿತ್ತು. ಹಾಲ್ವರನ ಸರದಿ ಬಂದಾಗ ಅವನು ಗೆಲುವಾಗಿ ಕಂಡ. ಕೈ ಬಹುಮಟ್ಟಿಗೆ ನಿಂತಿತ್ತು. ಗುಳಿಗೆಯನ್ನು ಸಮಯ ನೋಡಿ ನುಂಗಿದ್ದನೆಂದು ತಿಳಿದುಕೊಂಡೆ.

ಗಡಿಯಾರ ಕೂಗಿತು. ಪಿಸ್ತೂಲು ಚೀಲದಿಂದ ಹೊರಬಂದು ಇನ್ನೂ ಅರ್ಧ ಮೇಲೇಳುವಷ್ಟರಲ್ಲಿ ಗುಂಡು ಹಾರಿತು. ಅವನ ಎಡ ಬೂಟಿನಿಂದ ಗೇಣು ದೂರದಲ್ಲಿ ಮಣ್ಣು ಚಿಮ್ಮಿತು.

"ನಿಲ್ಲು," ಎಂದೆ.

ಅವನು ಅಲ್ಲಾಡದೆ ನಿಂತ.

"ಖಾಲಿ ಮಾಡಿ ತೋರಿಸು."

ಅವನು ಹಿಡಿಕೆಯೊಳಗಿನ ಗುಂಡಿನ ಪೆಟ್ಟಿಗೆಯನ್ನು ಕಳಚಿದ, ಮೇಲ್ಭಾಗವನ್ನೆಳೆದು ಕೊಳವೆಯನ್ನು ಬರಿದುಮಾಡಿದ, ನನಗೆ ತೋರಿಸಿದ. ಹೊಸಬರಿಗೆ ಸುರಕ್ಷತೆಯ ಪಾಠವನ್ನು ಅನೇಕ ವರ್ಷ ಹೇಳಿಕೊಟ್ಟವನು ಅವನೇ. ಒಂದು ಕ್ರಮವೂ ತಪ್ಪಲಿಲ್ಲ. ಗುಂಡು ಎಲ್ಲಿಗೆ ಹೋಯಿತೆಂದು ಅರಿಯದವನು ಈ ಗುಣಿಗೆ ಕಾಲಿಡಬಾರದೆಂಬುದು ಆ ಪಾಠದ ಮೊದಲ ಮಾತು, ಹಾಗೂ ಅವನದೇ ಮಾತು.

"ಹಾಲ್ವರ್, ಇವತ್ತಿಗೆ ನಿನ್ನ ಆಟ ಮುಗೀತು."

"ಗೊತ್ತು. ನೀನ್ ಹೇಳ್ಲೇಬೇಕು."

"ಆ ಟ್ರಿಗರ್ ಎಲ್ಲಿಂದ ಬಂತು?"

"ಅಂಚೇಲಿ ತರಿಸ್ದೆ. ಅಡುಗೆಮನೆ ಮೇಜಿನ ಮೇಲೆ ನಾನೇ ಕೂರಿಸ್ದೆ." ಅವನು ಮಣ್ಣಿನಲ್ಲಾದ ಗುಳಿಯನ್ನು ನೋಡುತ್ತಿದ್ದ. "ಚೆನ್ನಾಗೇ ಕೂತಿತ್ತು ಕಣೋ."

ಹೀಗೆ ಆಟದಿಂದ ಹೊರಗಾದವನು ಮುಂದಿನ ಪಂದ್ಯಕ್ಕೆ ಎಲ್ಲರಿಗೂ ಡೋನಟ್ ತರಬೇಕೆಂಬುದು ನಮ್ಮ ಕ್ಲಬ್ಬಿನ ಪದ್ಧತಿ. ತಲೆ ತಗ್ಗಿಸಿದವನಿಗೆ ಮುಂದಿನ ತಿಂಗಳೂ ಬರಬೇಕೆಂದು ನೆನಪಿಸುವ ಉಪಾಯವದು. ರೋಂಡಾ ಬೆಂಚಿನಿಂದಲೇ ಕೂಗಿದಳು:

"ಹಾಲ್ವರ್, ಚಾಕೊಲೇಟ್ ಬಳಿದಿರೋದೇ ತನ್ನಿ. ಹೋದ್ಸಲ ಗಸ್ ತಂದಿದ್ನಲ್ಲ, ಅದನ್ನ ನಮ್ಮ ನಾಯೀನೂ ಮೂಸಲಿಲ್ಲ."

"ನಿನ್ನ ನಾಯಿಗೇನು ಗೊತ್ತು, ನಿನ್ನ ಅಡುಗೆ ತಿಂದು ಬೆಳೆದಿರೋದು," ಎಂದ ಗಸ್.

ಎಲ್ಲರೂ ನಕ್ಕರು. ಹಾಲ್ವರನೂ ಮುಗುಳ್ನಕ್ಕು, "ತರ್ತೀನಿ," ಎಂದ. ಅವನ ಸಂಕಟ ಅವರಾರಿಗೂ ತಿಳಿದಿರಲಿಲ್ಲ. ತಿಳಿದಿದ್ದ ನಾನು ಮುಂದಿನವನ ಹೆಸರು ಕರೆದೆ.

ಅಕ್ಟೋಬರಿನಲ್ಲಿ ಅವನು ಡೋನಟ್ ತಂದ. ಎರಡು ದೊಡ್ಡ ಪೆಟ್ಟಿಗೆ, ಎಲ್ಲವೂ ಚಾಕೊಲೇಟಿನವು. ತೆಳ್ಳಗೆ ಹಿಮ ಹಾರುತ್ತಿತ್ತು. ಜನ ಕೈಗವಸು ಕಳಚಿ ತಿಂದರು, ಬೆನ್ನು ತಟ್ಟಿದರು.

"ಚೀಲ ಎಲ್ಲಿ? ಸೊಂಟ ಖಾಲಿ ಇದೆ?" ಎಂದಳು ರೋಂಡಾ.

"ಟ್ರಕ್ಕಲ್ಲಿದೆ. ಚಳಿಗೆ ಅದೂ ಹೊರಗೆ ಬರಲ್ಲ ಅಂತು," ಎಂದ ಅವನು.

ಮೊದಲ ಸರದಿಯ ಗಡಿಯಾರ ಕೂಗುವ ಹೊತ್ತಿಗೆ ಅವನ ಟ್ರಕ್ಕು ಜಲ್ಲಿ ದಾರಿಯನ್ನು ಹತ್ತಿ ಹೋಗುತ್ತಿತ್ತು.

ಸೋಮವಾರ ಅವನು ಪಿಸ್ತೂಲನ್ನೂ ಕಾಫಿ ಡಬ್ಬಿಯನ್ನೂ ತಂದು ಗಲ್ಲೆಯ ಮೇಲಿಟ್ಟ.

"ಎಲ್ಲಾ ಮೊದಲಿನ ಥರ ಮಾಡು."

ನಾನು ಒಂದೊಂದೇ ಪೊಟ್ಟಣ ಬಿಚ್ಚಿ ಹಳೆಯ ಸ್ಪ್ರಿಂಗು, ಹಳೆಯ ಹಿಡಿಕೆ, ಹಳೆಯ ಟ್ರಿಗರ್ ಕೂರಿಸಿದೆ. ಗುರಿಗಾಜಿನ ಜಾಗಕ್ಕೆ ಮೊದಲಿದ್ದ ಲೋಹದ ಮುಚ್ಚಳ ಬಿಗಿದೆ. ಅವನು ಅದನ್ನು ಎತ್ತಿಕೊಂಡು ಮೇಲ್ಭಾಗವನ್ನೆಳೆಯಲು ನೋಡಿದ. ಅದು ಕದಲಲಿಲ್ಲ. ಮತ್ತೊಮ್ಮೆ ಯತ್ನಿಸಿದ, ಅನಂತರ ಮೆಲ್ಲನೆ ನನ್ನತ್ತ ತಳ್ಳಿದ.

"ನಿನ್ನ ಕಬ್ಬಿಣದ ಪೆಟ್ಟಿಗೇಲಿಟ್ಕೊ."

"ಎಲ್ಲೀವರೆಗೆ?"

"ನಾನ್ ಕೇಳಿದ್ರೂ ಕೊಡ್ಬೇಡ."

ಹಾಗೆ ಹೇಳಿದವನು ತನಗೆ ತಾನೇ ಹೆದರಿದ್ದಾನೆಂದು ನಮ್ಮ ಸೀಮೆಯಲ್ಲಿ ಎಲ್ಲರೂ ಬಲ್ಲರು; ಏಕೆಂದು ಯಾರೂ ಕೇಳುವುದಿಲ್ಲ. ಪೆಟ್ಟಿಗೆ ತೆರೆದು ಒಳಗಿಟ್ಟು ಬೀಗ ಹಾಕಿದೆ. ಕೇಳಲೇಬೇಕಾದ್ದು ಬೇರೊಂದಿತ್ತು.

"ಮನೇಲಿ ಇನ್ನೇನಿದೆ?"

"ಅಪ್ಪನ ಕೋವಿ."

"ನಡಿ, ಈಗ್ಲೇ ಹೋಗಿ ತರೋಣ."

ಅವನು ಬೇಡವೆನ್ನಲಿಲ್ಲ. ಅಂಗಡಿಗೆ ಬೀಗ ಹಾಕಿ ಅವನ ಟ್ರಕ್ಕಿನಲ್ಲೇ ಹೋದೆವು. ದಾರಿಯುದ್ದಕ್ಕೂ ರೇಡಿಯೋ ದನಗಳ ಧಾರಣೆ ಹೇಳುತ್ತಿತ್ತು. ಮನೆಯಲ್ಲಿ ಬೀರುವಿನಿಂದ ಕೋವಿಯನ್ನು ತೆಗೆದು, ಖಾಲಿಯೆಂದು ಖಚಿತಪಡಿಸಿಕೊಂಡು ಕಂಬಳಿಯಲ್ಲಿ ಸುತ್ತಿದೆ. ಗುಂಡುಗಳ ಪೆಟ್ಟಿಗೆಯನ್ನೂ ಎತ್ತಿಕೊಂಡೆ. ಅಡುಗೆಮನೆಯ ಮೇಜಿನ ಮೇಲೆ ಚಿಕ್ಕ ಸುತ್ತಿಗೆ, ಭೂತಗನ್ನಡಿ, ಒಂದು ತಟ್ಟೆ ಇನ್ನೂ ಇದ್ದವು; ಮೇಜಿನ ಹಲಗೆಯಲ್ಲಿ ಸುತ್ತಿಗೆ ಗುರಿತಪ್ಪಿ ಬಿದ್ದ ಗುರುತುಗಳು.

"ಈ ಶನಿವಾರ ನಾನ್ ಗುಣಿಗೆ ಹೋಗಲ್ಲ," ಎಂದೆ. "ಇಲ್ಲೇ ಬರ್ತೀನಿ."

"ಹೋಗು. ಗಡಿಯಾರ ಹಿಡಿಯೋಕೆ ಯಾರಾದ್ರೂ ಬೇಕಲ್ಲ."

"ಬೇರೆಯವ್ರು ಹಿಡೀತಾರೆ."

"ಒಂದು ಶನಿವಾರ ಬರ್ತೀಯ. ಆಮೇಲಿಂದು?"

ಅವನು ಕಾಫಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಈಗ ಅದರಲ್ಲಿದ್ದವು ಹೊಸ ಭಾಗಗಳು. ಅವುಗಳ ನಡುವಿನಿಂದ ಆ ಗಾಜನ್ನು ಹೆಕ್ಕಿ, ಗುಂಡಿ ಒತ್ತಿ, ಎರಡೂ ಕೈಯಲ್ಲಿ ಕಣ್ಣೆತ್ತರಕ್ಕೆ ಹಿಡಿದು, ಕಿಟಕಿಯಾಚೆ ಬಯಲಿನ ಅಂಚಿನಲ್ಲಿ ಸಾಲಾಗಿ ನಿಂತ ವಿದ್ಯುತ್ ಕಂಬಗಳತ್ತ ನೋಡತೊಡಗಿದ. ಅವುಗಳಲ್ಲಿ ಅನೇಕವನ್ನು ನೆಟ್ಟವನು ಅವನೇ.

"ಒಂದರ ಮೇಲೂ ನಿಲ್ತಾ ಇಲ್ಲ," ಎಂದ.

ಕೆಂಪು ಚುಕ್ಕಿ ಅವನಿಗೆ ಮಾತ್ರ ಕಾಣುತ್ತಿತ್ತು. ನಾನು ಕೋವಿಯನ್ನು ಕಂಕುಳಲ್ಲಿ ಅವಚಿಕೊಂಡು, ಅವನ ಕೈಯನ್ನು ನೋಡುತ್ತ ನಿಂತೆ.